ಕೊನೆಯವರು ಯಾರು

ಫಾರಂನ ಏಳನೆಯ ಸಾಲನ್ನು ಖಾಲಿ ಬಿಟ್ಟಿರುವುದು ಯಾರ ಕಣ್ಣಿಗೂ ಬೀಳಲಿಕ್ಕಿಲ್ಲ ಎಂದು ಸ್ಮರಾಂದಾ ಮತ್ತೊಮ್ಮೆ ತನಗೆ ತಾನೇ ಹೇಳಿಕೊಂಡಳು. 'ಈ ಹಿಂದಿನ ಕುಟುಂಬ ವೈದ್ಯರ ಹೆಸರು, ಊರು' ಎಂದು ಅಚ್ಚಾಗಿದ್ದ ಕಡೆ ಬರೀ ಚುಕ್ಕಿಗಳು. ಮಿಕ್ಕದ್ದನ್ನೆಲ್ಲ ಅಂದವಾಗಿ ತುಂಬಿದ್ದಳು. ಹೆಸರು, ಹುಟ್ಟಿದ ದಿನ, ತಿಮಿಶ್ವಾರಾದ ಬಾಡಿಗೆ ಕೋಣೆಯ ವಿಳಾಸ. ಕೆಲಸ: ಗ್ರಂಥಾಲಯ, ಹಳೆಯ ಪುಸ್ತಕಗಳ ವಿಭಾಗ, ಖಾಯಂ. ಒಗ್ಗದ ಔಷಧಿಗಳು: ಇಲ್ಲ. ಚಿಕ್ಕಂದಿನ ದೊಡ್ಡ ಕಾಯಿಲೆಗಳು: ಇಲ್ಲ. ಹೀಗೆ ಒಂದರ ಕೆಳಗೊಂದು 'ಇಲ್ಲ' ಬರೆಯುತ್ತ ಹೋದಾಗ ಇದ್ದಕ್ಕಿದ್ದಂತೆ ಅನುಮಾನ ಬಂದಿತ್ತು, ನಿಜವಾಗಿಯೂ ಇಲ್ಲವೋ ಅಥವಾ ತನಗೆ ಗೊತ್ತಿಲ್ಲವೋ ಎಂದು. ಇಪ್ಪತ್ತನಾಲ್ಕು ವರ್ಷಗಳಲ್ಲಿ ಈ ಪ್ರಶ್ನೆಗಳನ್ನು ಅವಳಿಗೆ ಯಾರೂ ಹಾಕಿರಲಿಲ್ಲ. ಪ್ರಶ್ನೆ ಕೇಳಬೇಕಾದವಳೂ ಉತ್ತರ ಬರೆದುಕೊಳ್ಳುವವಳೂ ಒಬ್ಬಳೇ ಆಗಿದ್ದಳು: ದೇಶದ ಆ ತುದಿಯ ಫಿಂತಿನೆಲೆ ಎಂಬ ಹಳ್ಳಿಯ ದವಾಖಾನೆಯ ನರ್ಸು, ಅವಳ ಅಮ್ಮ.

ಉಗುಳು ನುಂಗಿದರೆ ಗಂಟಲಲ್ಲಿ ಗಾಜಿನ ಚೂರು ಹೊರಳಿದಂತಾಗುತ್ತಿತ್ತು. ಸೋಮವಾರದಿಂದ ಜ್ವರ. ಕೋಟಿನ ಎಡ ಜೇಬಿನಲ್ಲಿ ಮನೆಯೊಡತಿ ನಿನ್ನೆ ಕೊಟ್ಟಿದ್ದ ಎರಡು ಕ್ಯಾಪ್ಸೂಲ್ ಮಾತ್ರೆಗಳಿದ್ದವು, ಅರ್ಧ ಕೆಂಪು ಅರ್ಧ ಹಳದಿ. "ನುಂಗಿ ಮಲಕ್ಕೋ, ನಾಳೆಗೆ ಕುದುರೆ ಹಾಗೆ ಏಳ್ತೀಯ" ಅಂದಿದ್ದಳು ಆಕೆ. ನುಂಗಿರಲಿಲ್ಲ. ನೀರಿನ ಲೋಟ ಬಾಯಿಯ ತನಕ ಹೋಗಿ ಅಲ್ಲೇ ನಿಂತಿತ್ತು. ನನ್ನ ಕೇಳದೆ ಒಂದು ಮಾತ್ರೆಯನ್ನೂ ಮುಟ್ಟಬೇಡ ಎಂದು ಅಮ್ಮ ಹೇಳದ ವಾರವಿಲ್ಲ. ಯಾಶ್ ನಗರದಲ್ಲಿ ಓದುತ್ತಿದ್ದ ನಾಲ್ಕು ವರ್ಷವೂ ತಲೆನೋವಿನ ಮಾತ್ರೆಯನ್ನು ಸಹ ಕಾಗದದಲ್ಲಿ ಸುತ್ತಿ, ಮೇಲೆ ಹೆಸರು ಬರೆದು, ಮಿನಿಬಸ್ಸಿನ ಡ್ರೈವರನ ಕೈಯಲ್ಲಿ ಕಳಿಸುತ್ತಿದ್ದಳು. ಅದನ್ನು ಸ್ಮರಾಂದಾ ಒಂದು ದಿನ ಡೈರಿಯಲ್ಲಿ ಹಗ್ಗ ಎಂದು ಕರೆದಿದ್ದಳು. ಬರೆದ ಮೇಲೆ ಹೆದರಿ, ಆ ಪದದ ಮೇಲೆ ಗೀಚಿ, ಗೀಚಿದ್ದು ಇನ್ನೂ ಎದ್ದು ಕಾಣುತ್ತದೆಂದು ಹಾಳೆಯನ್ನೇ ಹರಿದಿದ್ದಳು.

ದವಾಖಾನೆಯ ಕಾಯುವ ಕೋಣೆಯ ಬಾಗಿಲು ತೆರೆದು ದಪ್ಪ ಹೆಂಗಸೊಬ್ಬಳು ಒಳಗೆ ಬಂದು, ಇನ್ನೂ ಕಾಲು ಒರೆಸುತ್ತಿರುವಾಗಲೇ ಕೇಳಿದಳು, "ಕೊನೆಯವರು ಯಾರು?" ಕಿಟಕಿಯ ಬಳಿ ಕೂತಿದ್ದ ಮುದುಕ ಕೈ ಎತ್ತಿ "ನಾನು" ಅಂದ. ಹೆಂಗಸು ಅವನ ಮುಖವನ್ನು ನೆನಪಿನಲ್ಲಿ ಇಟ್ಟುಕೊಂಡವಳಂತೆ ತಲೆಯಾಡಿಸಿ ಕೂತಳು. ಇಷ್ಟೇ. ಒಂಬತ್ತೂವರೆಯಿಂದ ಇದು ಎಂಟು ಸಲ ನಡೆದಿತ್ತು, ಎಂಟು ಸಲವೂ ಸ್ಮರಾಂದಾ ತನ್ನ ಶೂ ನೋಡುತ್ತ ಕೂತಿದ್ದಳು. ಬಂದಾಗ ಅವಳೂ ಕೇಳಬೇಕಿತ್ತು. ಕೋಣೆ ತುಂಬ ಅಪರಿಚಿತರ ಮುಖಗಳು ಒಟ್ಟಿಗೆ ತನ್ನತ್ತ ತಿರುಗುವುದನ್ನು ನೆನೆದು ಮೂಲೆಯ ಬೆಂಚಿಗೆ ಸರಿದಳು. ಆಮೇಲೆ ಕೇಳುವ ಹೊತ್ತು ಮೀರಿ ಹೋಯಿತು. ಈಗ ಕೇಳಿದರೆ ಇಷ್ಟು ಹೊತ್ತು ಏನು ಮಾಡುತ್ತಿದ್ದೆ ಎನ್ನುತ್ತಾರೆ.

ಮುದುಕನೇ ಕೇಳಿಬಿಟ್ಟ. "ಮಗಳೇ, ನೀನು ಯಾರ ಹಿಂದೆ?"

"ನಾನು... ಒಂಬತ್ತೂವರೆಯಿಂದ ಇದೀನಿ."

"ಇರೋದು ಕಾಣ್ತಾ ಇದೆ. ಯಾರ ಹಿಂದೆ ಅಂತ ಕೇಳಿದ್ದು."

"ಕೇಳಲಿಲ್ಲ."

"ಕೇಳಲಿಲ್ವಂತೆ!" ದಪ್ಪ ಹೆಂಗಸು ಎಲ್ಲರ ಕಡೆ ತಿರುಗಿ ನಕ್ಕಳು. "ಹಾಗಾದ್ರೆ ನೀನು ಸಾಲಲ್ಲೇ ಇಲ್ಲ ಕಣಮ್ಮ. ಸುಮ್ನೆ ಬೆಂಚು ಬೆಚ್ಚಗೆ ಮಾಡ್ತಾ ಕೂತಿದೀಯ. ಮೊಲ್ದೊವಾ ಕಡೆಯವಳಾ? ಮಾತು ಎಳೆಯೋದ್ರಲ್ಲೇ ಗೊತ್ತಾಯ್ತು. ಯಾಕೆ, ನಿಮ್ಮ ಕಡೆ ದವಾಖಾನೇಲಿ ಸಾಲು ಇರಲ್ವಾ?"

"ಬಿಡು ಲೆಂಕಾ, ಹುಡುಗಿ ಕೆನ್ನೆ ನೋಡು, ಜ್ವರ ಕಾಯ್ತಿದೆ" ಎಂದ ಮುದುಕ.

"ನನ್ನ ಮೊಣಕಾಲು ನೋಡಿದೀರಾ ನೀವು?"

ಇರುತ್ತದೆ, ಸಾಲು ಇರುತ್ತದೆ, ಎಂದು ಸ್ಮರಾಂದಾ ಮನಸ್ಸಿನಲ್ಲೇ ಉತ್ತರಿಸಿದಳು. ಫಿಂತಿನೆಲೆಯಲ್ಲಿ ಸಾಲು ಅಂಗಳದ ವಾಲ್ನಟ್ ಮರದ ತನಕ ಹೋಗುತ್ತಿತ್ತು. ಅವಳು ಶಾಲೆಯಿಂದ ಬಂದು ಆ ಮರದ ಕೆಳಗೆ ನಿಂತರೆ ಸಾಕು, ಅಮ್ಮ ಬಿಳಿ ಕೋಟಿನಲ್ಲಿ ಬಾಗಿಲಿಗೆ ಬಂದು ಎಲ್ಲರ ತಲೆಯ ಮೇಲಿಂದ "ಸ್ಮರಾಂದಾ, ಬಾ" ಎಂದು ಕೂಗುತ್ತಿದ್ದಳು. ಅವಳು ಹೋಗುತ್ತಿದ್ದಳು. ಎರಡೂ ಕಡೆ ಕೂತ ಮುದುಕಿಯರು ಕಾಲು ಹಿಂದಕ್ಕೆಳೆದು ದಾರಿ ಬಿಡುತ್ತಿದ್ದರು. ಆ ಕಾಲುಗಳು, ಒರಟು ಉಣ್ಣೆಯ ಕಾಲುಚೀಲ, ಕೆಸರು ಒಣಗಿದ ರಬ್ಬರ್ ಶೂಗಳು, ಅವನ್ನು ದಾಟಿ ಹೋಗುವಾಗ ಬೆನ್ನಿಗೆ ಆಗುತ್ತಿದ್ದ ಕಾವು. ಯಾರೂ ಏನೂ ಅನ್ನುತ್ತಿರಲಿಲ್ಲ. ಅವರ ಚೀಲಗಳಲ್ಲಿ ಅಮ್ಮನಿಗೆಂದು ತಂದ ಕಾಫಿ ಪೊಟ್ಟಣಗಳಿರುತ್ತಿದ್ದವು. ಮನೆಯಲ್ಲಿ ಕಾಫಿಯನ್ನು ದುಡ್ಡು ಕೊಟ್ಟು ತಂದದ್ದು ಅವಳಿಗೆ ನೆನಪಿಲ್ಲ. ಕಪಾಟಿನ ಮೇಲಿನ ಅರೆಯ ತುಂಬ ಪೊಟ್ಟಣಗಳು, ಹಳತಾಗಿ ಬಿಳಿ ಬೂಸ್ಟು ಹಿಡಿದಂತಾದ ಚಾಕೊಲೇಟುಗಳು. ಈಗ ಅವಳ ಚೀಲದಲ್ಲೂ ಒಂದು ಪೊಟ್ಟಣವಿತ್ತು. ಬರುವ ದಾರಿಯಲ್ಲಿ ಅಂಗಡಿಯಲ್ಲಿ ಕಾಲು ಗಂಟೆ ನಿಂತು ಆರಿಸಿದ್ದಳು. ತೀರ ಅಗ್ಗದ್ದು ಕೊಟ್ಟರೆ ನರ್ಸುಗಳು ಏನನ್ನುತ್ತಾರೆಂದು ನರ್ಸಿನ ಮಗಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ತೀರ ದುಬಾರಿಯದು ಕೊಟ್ಟರೆ ಇವಳು ಏನೋ ಮುಚ್ಚಿಡುತ್ತಿದ್ದಾಳೆ ಎನ್ನುತ್ತಾರೆ, ಅದೂ ಗೊತ್ತು.

ಮುಚ್ಚಿಡುತ್ತಿರುವುದು ನಿಜವೇ. ಈಸ್ಟರ್ ತನಕ ಮಾತ್ರ, ಅಮ್ಮ, ಯಾರದೋ ಬದಲಿಗೆ ಕೆಲಸ, ಎಂದು ಹೇಳಿ ಬಂದಿದ್ದಳು. ಹೇಳುವಾಗ ಅದು ನಿಜವಾಗಿತ್ತು. ಎರಡು ವಾರದ ಹಿಂದೆ ಖಾಯಂ ಕಾಗದಕ್ಕೆ ಸಹಿ ಹಾಕಿದ ಮೇಲೆ ಅದು ಸುಳ್ಳಾಯಿತು. ಆದರೆ ಯಾವ ದಿನ, ಯಾವ ಫೋನಿನಲ್ಲಿ ಸುಳ್ಳಾಯಿತೆಂದು ಹೇಳುವುದು ಕಷ್ಟ, ಏಕೆಂದರೆ ಅವಳು ಹೊಸದಾಗಿ ಏನನ್ನೂ ಹೇಳಿರಲಿಲ್ಲ, ಸುಮ್ಮನಿದ್ದಳು ಅಷ್ಟೆ. ಅಲ್ಲಿ ಅಮ್ಮ ಹಳ್ಳಿ ಶಾಲೆಯ ಹೆಡ್‌ಮಿಸ್‌ಗೆ ಹೇಳಿ ಮಗಳಿಗೆಂದು ಒಂದು ಕೆಲಸದ ಜಾಗ ಹಿಡಿಸಿದ್ದಳು. ಮಗಳ ಕೋಣೆಯನ್ನು ಬೆಚ್ಚಗಿಡುವ ಹೆಂಚಿನ ಒಲೆಯನ್ನು ಬಿಚ್ಚಿಸಿ ಹೊಸದಾಗಿ ಕಟ್ಟಿಸಿದ್ದಳು. "ಒಂಚೂರೂ ಹೊಗೆ ಬರಲ್ಲ ಈಗ, ನೋಡ್ತೀಯಂತೆ" ಅಂದಿದ್ದಳು ನಿನ್ನೆ ಸಂಜೆ. ನಿನ್ನ ದನಿ ಯಾಕೆ ಹಾಗಿದೆ ಎಂದು ಕೇಳಿದ್ದಕ್ಕೆ, "ಹಳೇ ಪುಸ್ತಕದ ಧೂಳು ಅಮ್ಮ" ಎಂದು ಸ್ಮರಾಂದಾ ಹೇಳಿದ್ದಳು. ಅಪ್ಪ ಇಟಲಿಗೆ ಹೊರಟಾಗ ಅವಳಿಗೆ ಐದು ವರ್ಷ. ಆರೇ ತಿಂಗಳು, ಒಂದು ಕಟ್ಟಡ ಮುಗಿಯೋ ತನಕ, ಅಂದಿದ್ದನಂತೆ; ಮತ್ತೆ ಬರಲೇ ಇಲ್ಲ. ಅವನೂ ಸುಳ್ಳು ಹೇಳಿರಲಿಕ್ಕಿಲ್ಲ ಎಂದು ಈ ಬೆಂಚಿನ ಮೇಲೆ ಮೊದಲ ಸಲ ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಚರ್ಮದ ಜಾಕೀಟಿನವನೊಬ್ಬ ಬಂದವನೇ ನೇರ ಒಳಬಾಗಿಲಿಗೆ ಕೈ ಹಾಕಿದ. "ನಾನು ಬರೀ ಒಂದು ಮಾತು ಕೇಳೋಕೆ."

"ನಾವೆಲ್ಲ ಇಲ್ಲಿ ಕುಣಿಯೋಕೆ ಬಂದಿದೀವಾ?" ಲೆಂಕಾ ಎದ್ದೇ ನಿಂತಳು. ಆ ಗದ್ದಲಕ್ಕೆ ಒಳಬಾಗಿಲು ತಾನಾಗಿ ತೆರೆದು, ಕನ್ನಡಕವನ್ನು ಸರಪಳಿಯಲ್ಲಿ ತೂಗುಹಾಕಿಕೊಂಡ ನರ್ಸು ವೆತೂರಿಯಾ ಹೊರಗೆ ತಲೆ ಹಾಕಿದಳು. ಜಾಕೀಟಿನವನನ್ನು ಕಣ್ಣಲ್ಲೇ ಹಿಂದಕ್ಕೆ ಕಳಿಸಿ, "ಹೊಸದಾಗಿ ಹೆಸರು ಬರೆಸೋರು ಯಾರಾದ್ರೂ ಇದೀರಾ? ಡಾಕ್ಟರು ನೋಡೋ ಮುಂಚೆ ಕಾಗದ ನನ್ನ ಹತ್ರ" ಅಂದಳು.

ಸ್ಮರಾಂದಾ ಎದ್ದಳು.

"ಅವಳು ಸಾಲಲ್ಲಿಲ್ಲ!"

"ಕಾಗದಕ್ಕೆ ಸಾಲಿಲ್ಲ ಲೆಂಕಾ. ಕೂತ್ಕೋ, ಮೊಣಕಾಲು ನೋಯುತ್ತೆ."

ಒಳಗೆ ಸ್ಪಿರಿಟ್ಟಿನ ವಾಸನೆ. ಅದು ಅವಳಿಗೆ ಅಮ್ಮನ ಕೈಗಳ ವಾಸನೆ. ಹತ್ತು ವರ್ಷದವಳಾಗುವ ತನಕ ಎಲ್ಲ ತಾಯಂದಿರ ಕೈಗಳಿಗೂ ಅದೇ ವಾಸನೆ ಇರುತ್ತದೆಂದು ತಿಳಿದಿದ್ದಳು. ವೆತೂರಿಯಾ ಕನ್ನಡಕ ಏರಿಸಿ ಫಾರಂ ಮೇಲೆ ಬೆರಳು ಓಡಿಸಿದಳು. ಬೆರಳು ಏಳನೆಯ ಸಾಲಿನಲ್ಲಿ ನಿಂತಿತು.

"ಇದು ಖಾಲಿ."

"ನನಗೆ... ಯಾರೂ ಇರಲಿಲ್ಲ."

"ಇಪ್ಪತ್ತನಾಲ್ಕು ವರ್ಷ ಡಾಕ್ಟರೇ ಇಲ್ದೆ ಬೆಳೆದ್ಯಾ? ಅಣಬೆ ಥರ?" ವೆತೂರಿಯಾ ಗುರುತಿನ ಚೀಟಿ ಕೇಳಿ ಪಡೆದು ಅದರ ನಂಬರನ್ನು ಕಂಪ್ಯೂಟರಿಗೆ ಹೊಡೆದಳು. ಪರದೆಯ ಬೆಳಕು ಅವಳ ಕನ್ನಡಕದಲ್ಲಿ ಎರಡು ಚೌಕವಾಗಿ ನಿಂತಿತು. "ಇದೆಯಲ್ಲಮ್ಮ. ಡಾಕ್ಟರ್ ಕೊಝೊಕಾರು, ಫಿಂತಿನೆಲೆ. ಹುಟ್ಟಿದ ದಿನದಿಂದ. ಯಾಕೆ ಸುಳ್ಳು ಬರೆದೆ?"

"ಬರೆದಿಲ್ಲ. ಖಾಲಿ ಬಿಟ್ಟೆ." ಹೇಳಿದ ಮೇಲೆ ಆ ಮಾತು ಎಷ್ಟು ಪರಿಚಿತ ಅನ್ನಿಸಿತು.

ವೆತೂರಿಯಾ ಗದರಿಸಲಿಲ್ಲ, ಅದು ಇನ್ನೂ ಕಷ್ಟವಾಯಿತು. "ನೋಡು, ಒಬ್ಬ ಮನುಷ್ಯ ಇಬ್ಬರು ಡಾಕ್ಟರ ಪಟ್ಟೀಲಿ ಇರೋಕಾಗಲ್ಲ. ಅಲ್ಲಿ ತೆಗೆದ್ರೆ ಇಲ್ಲಿ ಹತ್ತುತ್ತೆ. ಪೋಸ್ಟಲ್ಲಿ ಕೇಳಿದ್ರೆ ಎರಡು ವಾರ. ನಿನಗೆ ಯಾವತ್ತಿಗೆ ಬೇಕು?"

"ರಜಾಪತ್ರ ಇವತ್ತೇ ಬೇಕು." ಗ್ರಂಥಾಲಯದ ಮುಖ್ಯಸ್ಥೆ ಬೆಳಿಗ್ಗೆ ಫೋನಿನಲ್ಲಿ ಮೆತ್ತಗೇ ಹೇಳಿದ್ದಳು: ಖಾಯಂ ಆದರೂ ನೀನು ಇನ್ನೂ ಮೊದಲ ಮೂರು ತಿಂಗಳ ಪರೀಕ್ಷಾವಧಿಯಲ್ಲಿದ್ದೀಯ, ಸಂಜೆಯೊಳಗೆ ಕಾಗದ ಬಂದರೆ ರಜೆ, ಬಾರದಿದ್ದರೆ ಗೈರುಹಾಜರಿ, ಗೈರುಹಾಜರಿಯಾದವರನ್ನು ಉಳಿಸಿಕೊಳ್ಳುವುದು ನನ್ನ ಕೈಯಲ್ಲಿಲ್ಲ.

"ಹಾಗಾದ್ರೆ ಈಗಲೇ ಅಲ್ಲಿಗೆ ಫೋನ್ ಮಾಡ್ತೀನಿ. ಎರಡು ನಿಮಿಷದ ಕೆಲಸ. ನಂಬರು ಗೊತ್ತಾ?"

ಗೊತ್ತಿಲ್ಲ ಎಂದುಬಿಡಬಹುದಿತ್ತು. ವೆತೂರಿಯಾ ಹುಡುಕುತ್ತಿದ್ದಳು, ಸಿಗುತ್ತಿತ್ತು, ಆದರೆ ಕೊಟ್ಟವಳು ತಾನಾಗುತ್ತಿರಲಿಲ್ಲ. ಇಲ್ಲವೆ ಎದ್ದು, ಬೇಡ ಸಿಸ್ಟರ್, ಎಂದು ಹೊರಗೆ ನಡೆದು, ನಾಳಿದ್ದಿನ ಮಿನಿಬಸ್ ಹಿಡಿದು, ಹೊಗೆ ಬಾರದ ಒಲೆಯ ಮುಂದೆ ಕೂರಬಹುದಿತ್ತು. ಆದರೆ ಇವತ್ತು ಬುಧವಾರ, ಬುಧವಾರ ಅಮ್ಮ ಬಾಣಂತಿಯರನ್ನು ನೋಡಲು ಮನೆಮನೆಗೆ ಹೋಗುತ್ತಾಳೆ, ಫೋನು ಎತ್ತುವುದು ಕಿವಿ ಮಂದವಾದ ಡಾಕ್ಟರ್ ಕೊಝೊಕಾರು. ಅವರು ಹ್ಞಾಂ ಹ್ಞಾಂ ಅನ್ನುತ್ತಾರೆ, ಮರೆಯುತ್ತಾರೆ. ಅವಳ ಬಾಯಿ ನಂಬರು ಹೇಳತೊಡಗಿತ್ತು. ಶಾಲೆಗೆ ಸೇರುವ ಮೊದಲು ಕಲಿತ ನಂಬರು, ದಾರಿ ತಪ್ಪಿದರೆ ಹೇಳಬೇಕೆಂದು ಅಮ್ಮ ಬಾಯಿಪಾಠ ಮಾಡಿಸಿದ್ದು.

ಕೈಗಳೆರಡೂ ಬೇಕಿದ್ದುದರಿಂದ ವೆತೂರಿಯಾ ಫೋನಿನ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟು, ಮುದ್ರೆಯ ಮಸಿ ತಿದ್ದುತ್ತ ಕೂತಳು. ಗಂಟೆ ಬಾರಿಸಿತು. ನಾಲ್ಕು, ಐದು. ಏಳನೆಯದರ ನಡುವೆ ಕತ್ತರಿಸಿದಂತೆ ನಿಂತಿತು.

"ಡಾಕ್ಟರ್ ಕೊಝೊಕಾರು ಅವರ ದವಾಖಾನೆ, ಹೇಳಿ."

ಬುಧವಾರವೂ ಅಮ್ಮನೇ. ಆದರೆ ಮನೆಯಲ್ಲಿ ಕೇಳದ ದನಿ ಅದು, ಎಳೆತವಿಲ್ಲದ, ಇಸ್ತ್ರಿ ಮಾಡಿದಂಥ ದನಿ. ಸ್ಮರಾಂದಾ ಕುರ್ಚಿಯ ಅಂಚನ್ನು ಹಿಡಿದುಕೊಂಡಳು.

"ನಮಸ್ಕಾರ ಸಿಸ್ಟರ್, ತಿಮಿಶ್ವಾರಾದಿಂದ. ನಿಮ್ಮ ಪಟ್ಟಿಯಿಂದ ಒಬ್ಬರನ್ನ ನಮ್ಮ ಕಡೆ ತಗೋತಾ ಇದೀವಿ. ಬಿಟ್ಟುಕೊಟ್ರೆ ಇವತ್ತೇ ಕೆಲಸ ಆಗುತ್ತೆ."

"ಹೆಸರು?"

"ತುದೋಸೆ ಸ್ಮರಾಂದಾ."

ಆ ಕೋಣೆಯ ಗಡಿಯಾರದ ಸದ್ದು ಇಲ್ಲಿಗೆ ಕೇಳಿಸಿತು. ಅದರ ಪಕ್ಕದ ಕ್ಯಾಲೆಂಡರು, ಕೆಳಗಿನ ಮುರುಕು ಸ್ಟೂಲು, ಎಲ್ಲ ಕಂಡವು.

"ಕಾರಣ?"

"ಖಾಯಂ ಕೆಲಸ ಅಂತ ಬರೆದಿದಾಳೆ."

"ಖಾಯಂ" ಎಂದಳು ಅಮ್ಮ, ಬರೆದುಕೊಳ್ಳುವವಳ ನಿಧಾನದಲ್ಲಿ. "ಅವಳು ಎದುರಿಗೇ ಇದಾಳಾ?"

"ಇಲ್ಲೇ ಕೂತಿದಾಳೆ."

ಅಮ್ಮ, ಎನ್ನಲು ಸ್ಮರಾಂದಾ ಬಾಯಿ ತೆರೆದಳು. ಗಾಜಿನ ಚೂರು ಹೊರಳಿತು. ಅಮ್ಮ ತನ್ನನ್ನು ಕರೆಯಲಿ, ಬೈಯಲಿ, ಈ ಅಪರಿಚಿತ ಹೆಂಗಸಿನ ಮುಂದೆಯೇ ಬೈಯಲಿ ಎಂದು ಕಾದಳು.

"ಏನಾಗಿದೆ ಅವಳಿಗೆ?"

"ಗಂಟಲು. ಮೂರು ದಿನದಿಂದ ಜ್ವರ ಅಂತೆ."

"ಮೂರು ದಿನ." ಮತ್ತೆ ಗಡಿಯಾರ. "ಒಗ್ಗದ ಔಷಧಿ ಅನ್ನೋ ಕಡೆ ಏನು ಬರೆದಿದಾಳೆ?"

"ಇಲ್ಲ ಅಂತ."

"ಹೊಡೆದು ಹಾಕಿ. ಪೆನಿಸಿಲಿನ್. ಅದರ ಜಾತಿಯದು ಯಾವುದೂ ಆಗಲ್ಲ. ಕೆಂಪು ಶಾಯೀಲಿ ಬರೀರಿ, ದಪ್ಪಗೆ."

ವೆತೂರಿಯಾ ಮುದ್ರೆ ಕೆಳಗಿಟ್ಟು ಸ್ಮರಾಂದಾಳನ್ನು ನೋಡಿದಳು. ಸ್ಮರಾಂದಾಳ ಕೈ ತಾನಾಗಿ ಕೋಟಿನ ಜೇಬಿಗೆ ಇಳಿದು ಆ ಎರಡು ಮಾತ್ರೆಗಳನ್ನು ಮುಟ್ಟಿತು. ಮೈ ಕಾವಿಗೆ ಅವು ಸ್ವಲ್ಪ ಮೆತ್ತಗಾಗಿದ್ದವು.

"ಅವಳಿಗೆ ಗೊತ್ತೇ ಇಲ್ವಲ್ಲ ಸಿಸ್ಟರ್?"

"ಗೊತ್ತಿಲ್ಲ. ನಾಲ್ಕನೇ ವರ್ಷದಲ್ಲಿ ಗಂಟಲು ಬೇನೆಗೆ ಇಲ್ಲೇ ಇಂಜೆಕ್ಷನ್ ಕೊಟ್ರು. ಹತ್ತು ನಿಮಿಷಕ್ಕೆ ಮುಖ ಊದಿ ಉಸಿರು ಕಟ್ಟಿತು. ತುಟಿ ನೀಲಿ. ಡಾಕ್ಟರು ಪಕ್ಕದ ಕೋಣೇಲೇ ಇದ್ರು ಅಂತ ಉಳೀತು."

"ಮೊದಲು ಚರ್ಮಕ್ಕೆ ಹಾಕಿ ನೋಡದೆ ಕೊಟ್ರಾ?"

"ನೋಡದೆ ಕೊಟ್ರು."

"ಯಾವ ಸೀಮೆ ನರ್ಸಪ್ಪಾ ಅದು!"

"ಇಲ್ಲಿಯವಳೇ" ಎಂದಳು ಅಮ್ಮ. ಇಸ್ತ್ರಿ ಮಾಡಿದ ದನಿ ಒಂದು ಕಡೆ ಮುದುರಿತು. "ಹೊರಗೆ ಸಾಲಿತ್ತು. ಮಗುವನ್ನ ಮೊದಲು ಒಳಗೆ ಕರೆದುಬಿಟ್ಟಿದ್ಲು, ಬೇರೆಯವರು ಕಾಯ್ತಿದ್ರು, ಅವಸರ. ಮಗುಗೆ ಇವತ್ತಿನ ತನಕ ಹೇಳಿಲ್ಲ."

ಫಿಂತಿನೆಲೆಯ ದವಾಖಾನೆಯಲ್ಲಿ ಮೂವತ್ತು ವರ್ಷದಿಂದ ಇರುವ ನರ್ಸು ಒಬ್ಬಳೇ. ಸ್ಮರಾಂದಾ ಫೋನಿನ ಪುಟ್ಟ ತೂತುಗಳನ್ನು ನೋಡುತ್ತ ಕೂತಳು. ಯಾವ ಮಾತ್ರೆಯ ಹೆಸರನ್ನಾಗಲಿ ಅಮ್ಮ ಎರಡು ಸಲ ಗಟ್ಟಿಯಾಗಿ ಓದುತ್ತಿದ್ದಳು, ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ. ಹಲ್ಲು ಕೀಳಿಸಲು ಪೇಟೆಗೆ ಹೋದಾಗ ವೈದ್ಯನ ಕೈಯಿಂದ ಸೂಜಿಮದ್ದಿನ ಸೀಸೆಯನ್ನೇ ಕಿತ್ತುಕೊಂಡು ಓದಿದ್ದಕ್ಕೆ ಸ್ಮರಾಂದಾಳಿಗೆ ನೆಲ ಬಿರಿದು ನುಂಗಬಾರದೇ ಎನ್ನುವಷ್ಟು ನಾಚಿಕೆಯಾಗಿತ್ತು. ಸಾಲು ದಾಟಿಸಿ ಕರೆಯುವುದನ್ನು ಮಾತ್ರ ಅಮ್ಮ ಬಿಟ್ಟಿರಲಿಲ್ಲ. ಕರೆದು, ಒಳಗೆ ಕೂರಿಸಿ, ಮುಟ್ಟಿ ನೋಡಿ, ಸುಮ್ಮನೆ ಹೊರಗೆ ಕಳಿಸುತ್ತಿದ್ದಳು. ಯಾಕೆ ಕರೆದೆ ಎಂದು ಕೇಳಿದರೆ, ಉಸಿರು ನೋಡೋಕೆ, ಅನ್ನುತ್ತಿದ್ದಳು. ಅದೊಂದು ಮಾತಿನ ವಾಡಿಕೆ ಎಂದುಕೊಂಡಿದ್ದಳು ಸ್ಮರಾಂದಾ.

ವೆತೂರಿಯಾ ಕೆಂಪು ಪೆನ್ನು ಹುಡುಕಿ ಬರೆದಳು. "ಒಳ್ಳೇದಾಯ್ತು ಹೇಳಿದ್ದು. ನಿಮಗೆ ಹುಡುಗಿ ಚೆನ್ನಾಗಿ ಗೊತ್ತಿರೋ ಹಾಗಿದೆ."

"ಸಣ್ಣ ಊರು. ಎಲ್ಲರೂ ಎಲ್ಲರಿಗೂ ಗೊತ್ತು." ಆ ಕಡೆ ಮೂಗೆಳೆದ ಸದ್ದು. "ನೋವಿದೆಯಾ ಅಂದ್ರೆ ಇಲ್ಲ ಅಂತಾಳೆ. ಒತ್ತಿ ನೋಡೋಕೆ ಹೇಳಿ ಡಾಕ್ಟರಿಗೆ. ಆಮೇಲೆ, ಸಿಸ್ಟರ್, ಅವಳ ಚೀಲದಲ್ಲಿ ಕಾಫಿ ಪೊಟ್ಟಣ ಇರುತ್ತೆ. ಕೊಡೋಕೆ ನಾಚಿಕೆ, ಹಾಗೇ ವಾಪಸ್ ತಗೊಂಡು ಹೋಗಿಬಿಡ್ತಾಳೆ. ನೀವೇ ಕೇಳಿ ಇಸ್ಕೊಳ್ಳಿ."

ವೆತೂರಿಯಾ ಫೋನನ್ನು ನೋಡಿದಳು, ಹುಡುಗಿಯ ಮುಖ ನೋಡಿದಳು, ಫಾರಂನ ಮೇಲಿದ್ದ 'ತಾಯಿಯ ಉದ್ಯೋಗ' ಎಂಬ ಸಾಲನ್ನು ನೋಡಿದಳು. ಅದನ್ನಂತೂ ಸ್ಮರಾಂದಾ ನಿಜವಾಗಿಯೇ ತುಂಬಿದ್ದಳು: ನರ್ಸು.

"ಸಿಸ್ಟರ್," ವೆತೂರಿಯಾಳ ದನಿ ತಗ್ಗಿತು, "ಬೇಕಾದ್ರೆ ಅವಳ ಕೈಗೆ ಕೊಡ್ತೀನಿ."

"ಬೇಡ. ಜನ ಕಾಯ್ತಿದಾರೆ." ಎಂದಳು ಅಮ್ಮ. "ಅವಳ ಹಳೇ ಕಾಗದ ಎಲ್ಲ ಶುಕ್ರವಾರದ ಮಿನಿಬಸ್ಸಲ್ಲಿ ಕಳಿಸ್ತೀನಿ. ಯಾವ ಬಸ್ಸು ಅಂತ ಅವಳಿಗೆ ಗೊತ್ತು. ಲೈನಲ್ಲೇ ಇರಿ, ಹೆಸರು ಈಗಲೇ ತೆಗೆದುಬಿಡ್ತೀನಿ."

ಆ ಕಡೆ ಟಕ್ ಎಂದಿತು. ಅಮ್ಮ ಒಂದೇ ಬೆರಳಲ್ಲಿ ಟೈಪು ಮಾಡುತ್ತಾಳೆ, ಪ್ರತಿ ಅಕ್ಷರಕ್ಕೂ ಕೀಬೋರ್ಡಿನ ಮೇಲೆ ಬಗ್ಗಿ ಹುಡುಕಿ. ಟಕ್. ಅದು ತುದೋಸೆಯ ಮೊದಲಕ್ಷರ. ಸ್ಮರಾಂದಾ ತನ್ನ ಹೆಸರನ್ನು ಅಮ್ಮನ ಬೆರಳಿನ ಜೊತೆ ಅಕ್ಷರ ಅಕ್ಷರವಾಗಿ ಬರೆಯುತ್ತ ಹೋದಳು. ಹೆಸರು ಮುಗಿಯಿತು. ಇನ್ನೊಂದು ಗುಂಡಿ ಉಳಿದಿತ್ತು. ಬಹಳ ಹೊತ್ತು ಸದ್ದೇ ಇಲ್ಲ. ಗಡಿಯಾರ, ಯಾರೋ ಕೆಮ್ಮಿದ್ದು, ವಾಲ್ನಟ್ ಮರದ ಕಡೆಯ ಬಾಗಿಲು ಕಿರುಗುಟ್ಟಿದ್ದು. ಆಮೇಲೆ ಟಕ್.

"ಆಯ್ತು" ಎಂದಳು ಅಮ್ಮ. ಫೋನು ಇಟ್ಟಳು.

ವೆತೂರಿಯಾ ಫಾರಂಗೆ ಮುದ್ರೆ ಒತ್ತಿದಳು, ಕೈ ಚಾಚಿದಳು. ಸ್ಮರಾಂದಾ ಚೀಲದಿಂದ ಕಾಫಿ ಪೊಟ್ಟಣ ತೆಗೆದು ಆ ಕೈಯಲ್ಲಿಟ್ಟಳು; ಅದರ ಹಿಂದೆಯೇ ಜೇಬಿನ ಎರಡು ಮಾತ್ರೆಗಳನ್ನೂ ಮೇಜಿನ ಮೇಲಿಟ್ಟಳು. ವೆತೂರಿಯಾ ಅವನ್ನು ತಿರುಗಿಸಿ ನೋಡಿ, "ಅದೇ ಜಾತಿಯದು" ಎಂದು ಕಸದ ಡಬ್ಬಿಗೆ ಹಾಕಿದಳು. "ಹೊರಗೆ ಕೂತಿರು. ಡಾಕ್ಟರು ನೋಡಿ ರಜಾಪತ್ರ ಕೊಡ್ತಾರೆ. ಆದ್ರೆ ಅದಕ್ಕೆ ಸಾಲು ಇದೆ ಮಗಳೇ, ಅಲ್ಲಿ ನಾನೇನೂ ಮಾಡೋ ಹಾಗಿಲ್ಲ."

ಹೊರಗಿನ ಕೋಣೆಯಲ್ಲಿ ಮುದುಕ, ಲೆಂಕಾ ಎಲ್ಲರೂ ಇನ್ನೂ ಇದ್ದರು. ಮುಖಗಳೆಲ್ಲ ಒಟ್ಟಿಗೆ ತಿರುಗಿದವು. ಸ್ಮರಾಂದಾ ಬಾಗಿಲ ಬಳಿ ನಿಂತು ಉಗುಳು ನುಂಗಿದಳು.

"ಕೊನೆಯವರು ಯಾರು?"

ದನಿ ಅರ್ಧ ಗಾಳಿಯಾಗಿತ್ತು. ಜಾಕೀಟಿನವನು ಗೋಡೆಗೆ ಒರಗಿದಲ್ಲಿಂದ ಬೇಸರದಲ್ಲಿ ಬೆರಳೆತ್ತಿದ. ಲೆಂಕಾ ತನ್ನ ಚೀಲವನ್ನು ಮಡಿಲಿಗೆತ್ತಿಕೊಂಡು ಬೆಂಚಿನಲ್ಲಿ ಜಾಗ ಬಿಟ್ಟಳು. "ಕೇಳಿದ್ಯಲ್ಲ ಕೊನೆಗೂ. ಬಾ, ಕೂತ್ಕೋ. ಈಗ ನೀನೇ ಕೊನೆ."

ಅವಳು ಕೂತಳು. ಬೆಂಚು ಬೆಚ್ಚಗಿತ್ತು. ದೇಶದ ಆ ತುದಿಯಲ್ಲಿ ಈಗ ಅಮ್ಮ ಬಾಗಿಲಿಗೆ ಬಂದು ಮುಂದಿನವರನ್ನು ಕೂಗುತ್ತಿರಬೇಕು, ಸಾಲಿನಲ್ಲಿ ಮೊದಲಿರುವವರನ್ನು. ಬೀದಿಯ ಬಾಗಿಲು ತೆರೆದು ತಣ್ಣನೆ ಗಾಳಿ ಬಂತು. ಕೈಗೂಸನ್ನು ಎತ್ತಿಕೊಂಡ ಹೆಂಗಸೊಬ್ಬಳು ಒಳಗೆ ಕಾಲಿಟ್ಟು ಕೋಣೆಗೆಲ್ಲ ಕೇಳುವಂತೆ ಅದೇ ಪ್ರಶ್ನೆ ಹಾಕಿದಳು. ಸ್ಮರಾಂದಾ ಕೈ ಎತ್ತಿದಳು.

"ನಾನು" ಎಂದಳು. ಗಂಟಲು ತುಂಬ ನೋಯಿತು.